ಮುಟ್ಟಾಳೆಗೆ ಮಾರ್ಕು ಹಾಕುವವರು

ಎರಡು ವರ್ಷಗಳ ಹಿಂದೆ ನಾನೊಂದು ಸನ್ಮಾನ ಪತ್ರ ಬರೆದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೆಸರು, ಊರು, ವಯಸ್ಸು, ಕಸುಬು ಎಲ್ಲವನ್ನೂ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ಅದು ಅಭ್ಯಾಸ. ಆದರೂ ನಾನು ಬರೆದದ್ದರಲ್ಲಿ ವಾಪಸು ತೆಗೆದುಕೊಳ್ಳಬೇಕೆನಿಸುವುದು ಅದೊಂದನ್ನೇ.

ಪತ್ರಿಕೆಯಿಂದ ನಿವೃತ್ತನಾದ ಮೇಲೆ ಮೂಡುಬಿದಿರೆಯ ಒಂದು ಚಿಕ್ಕ ವಿನ್ಯಾಸ ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ಪಾಠ ಮಾಡುತ್ತಿದ್ದೇನೆ. ಮನೆ ಫರಂಗಿಪೇಟೆಯಲ್ಲಿ. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಸಿದ್ದಕಟ್ಟೆ ದಾಟಿ ಹೋಗಬೇಕು. ಕುರ್ಚಿ, ಪೊಟ್ಟಣ, ನಾಮಫಲಕ, ಮೊಬೈಲಿನ ಪರದೆ ಇವು ಹೇಗಿರಬೇಕು ಎಂದು ಅಲ್ಲಿ ಕಲಿಸುತ್ತಾರೆ. ಅವುಗಳ ಮೇಲಿನ ಬರಹ ಹೇಗಿರಬೇಕು ಎಂದು ಕಲಿಸುವುದು ನನ್ನ ಕೆಲಸ. ಮಕ್ಕಳು ರಾಜ್ಯದ ಎಲ್ಲ ಕಡೆಯಿಂದ ಬಂದವರು.

ಪ್ರಾಂಶುಪಾಲರು ಬೆಂಗಳೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹೆಂಗಸು. ಒಂದು ಸಭೆಯಲ್ಲಿ ಅವರು ಹೇಳಿದರು: “ನಮ್ಮ ಸಿಲೆಬಸ್ ಎಲ್ಲ ಹೊರಗಿಂದ ಬಂದಿದೆ. ಮಕ್ಕಳು ಜರ್ಮನಿಯ ಕುರ್ಚಿ ಗುರುತು ಹಿಡೀತಾರೆ, ಅಜ್ಜಿ ಮನೆಯ ಮಣೆ ಗುರುತು ಹಿಡಿಯಲ್ಲ. ಇಲ್ಲಿನ ಜನ, ಇಲ್ಲಿನ ಕೈಕೆಲಸ ಕ್ಲಾಸಿನ ಒಳಗೆ ಬರಬೇಕು. ಬರೀ ನೋಡೋಕಲ್ಲ, ಕಲಿಸೋಕೆ.” ಅವರು ಮನಸಾರೆ ಹೇಳಿದರು ಎಂದು ಆಗ ನಂಬಿದ್ದೆ. ಈಗಲೂ ನಂಬುತ್ತೇನೆ. ಆಮೇಲೆ ನಡೆದದ್ದಕ್ಕೆ ಕೆಟ್ಟ ಮನಸ್ಸು ಬೇಕಾಗಿರಲಿಲ್ಲ.

ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನಿಂದ ಒಳಗೆ ಇರುವ ಒಬ್ಬ ಮುಟ್ಟಾಳೆ ಮಾಡುವವರ ವಿಷಯ ನಾನು ಎತ್ತಿದೆ. ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು ಮಾಡುವ ಟೊಪ್ಪಿಯೇ ಮುಟ್ಟಾಳೆ. ಗದ್ದೆಯಲ್ಲಿ ಬಗ್ಗಿ ದುಡಿಯುವವರ, ತಲೆಹೊರೆ ಹೊರುವವರ ಟೊಪ್ಪಿ ಅದು. ಈಗ ಗದ್ದೆಗಿಂತ ವೇದಿಕೆಯ ಮೇಲೆ ಹೆಚ್ಚು ಕಾಣಿಸುತ್ತದೆ. ಅತಿಥಿಗಳ ತಲೆಗೆ ಮುಟ್ಟಾಳೆ ಇಟ್ಟು ಸ್ವಾಗತಿಸುವುದು ನಮ್ಮ ಕಡೆಯ ಸಭೆಗಳಲ್ಲಿ ರೂಢಿಯಾಗಿಬಿಟ್ಟಿದೆ.

ಹಿಂದೊಮ್ಮೆ ನಾನು ಅವರ ಬಗ್ಗೆ ಒಂದು ಕಾಲಮಿನ ಸುದ್ದಿ ಮಾಡಿದ್ದೆ. ಕಾಲೇಜಿಗೆ ಕರೆಯಲು ಮನೆಗೆ ಹೋದಾಗ ಅವರಿಗೆ ಅದು ನೆನಪಿತ್ತು.

“ನೀವು ಪೇಪರಿನಲ್ಲಿ ನನಗೆ ಎಪ್ಪತ್ತು ವರ್ಷ ಮಾಡಿದ್ದಿರಿ.”

“ತಪ್ಪಾಗಿತ್ತಾ?”

“ಆಗ ನನಗೆ ಐವತ್ತೊಂಬತ್ತು, ಮಾರಾಯ್ರೆ. ತೊಂದರೆ ಇಲ್ಲ. ಪೇಪರಿನವರು ಮುಂದಿನದ್ದನ್ನು ಮೊದಲೇ ಬರೀತಾರೆ ಅಂತ ಹೆಂಡತಿಗೆ ಹೇಳಿದೆ.”

ಅಂದಿನಿಂದ ನಾನು ಅವರಿಗೆ ‘ಪೇಪರಿನವರು’. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ತರಗತಿಯಲ್ಲಿ ಮಾತ್ರ ಅವರು ಐದನೇ ತರಗತಿಯವರೆಗೆ ಓದಿದ ಶಾಲೆಯ ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು.

ಒಂದು ಸೆಮಿಸ್ಟರಿನ ಅವಧಿ, ವಾರಕ್ಕೆ ಎರಡು ತರಗತಿ, ಇಪ್ಪತ್ತು ವಿದ್ಯಾರ್ಥಿಗಳು. ಮೊದಲ ದಿನ ಮಕ್ಕಳು ಅಳತೆಪಟ್ಟಿ, ಕಂಪಾಸು, ಪೆನ್ಸಿಲು ಎಲ್ಲ ಸಾಲಾಗಿ ಜೋಡಿಸಿಟ್ಟುಕೊಂಡು ಕೂತಿದ್ದರು. ಅವರು ನೋಡಿ ನಕ್ಕರು.

“ಸ್ಕೇಲು ಚೀಲದ ಒಳಗೆ ಹಾಕಿ. ತಲೆ ಚಪ್ಪಟೆ ಇರುವುದಿಲ್ಲ. ಪಕ್ಕದವರ ತಲೆಗೆ ಸರಿಯಾಗಿ ಒಂದು ಮಾಡಬೇಕು. ಮೊದಲು ಅವರನ್ನು ಕೇಳಿ. ಮತ್ತೆ ಕೈಯಿಟ್ಟು ಅಳೆಯಿರಿ.”

ಹುಡುಗ ಹುಡುಗಿಯರು ನಾಚುತ್ತ, ಕಿಸಕಿಸ ನಗುತ್ತ ಒಬ್ಬರ ತಲೆ ಒಬ್ಬರು ಮುಟ್ಟಿ ಗೇಣಿನಲ್ಲಿ ಅಳೆದರು. ವಿಜಯಪುರದ ಕಡೆಯ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಅವರನ್ನು ಅಜ್ಜ ಎಂದರೆ ಇವಳು ಮಾತ್ರ ‘ಸರ’ ಎನ್ನುತ್ತಿದ್ದಳು. ಅವಳ ಮುಟ್ಟಾಳೆ ಎರಡು ವಾರವಾದರೂ ಆಕಾರಕ್ಕೆ ಬರಲಿಲ್ಲ.

“ಸರ, ಇದು ನಿಲ್ಲವಲ್ದು ನೋಡ್ರಿ.”

“ಎಲ್ಲಿಂದ ನಿಲ್ತದೆ? ಹಾಳೆ ನೆನೆದದ್ದು ಸಾಲದು. ನಿಮ್ಮ ಊರಿನಲ್ಲಿ ರೊಟ್ಟಿ ಮಾಡುವಾಗ ಹಿಟ್ಟು ನಾದುವುದಿಲ್ವಾ?”

“ನಾ ರೊಟ್ಟಿ ಬಡಿಯಾಂಗಿಲ್ರಿ ಸರ, ನಮ್ಮವ್ವ ಬಡಿತಾಳ.”

“ಹಾಗಾದ್ರೆ ನಿನ್ನ ಅಮ್ಮನನ್ನು ಕಾಲೇಜಿಗೆ ಸೇರಿಸಬೇಕಿತ್ತು.”

ತರಗತಿ ನಕ್ಕಿತು. ಅವಳೂ ನಕ್ಕಳು, ಮತ್ತೆ ಬಿಚ್ಚಿ ನೆನೆಸಿದಳು.

ಅವರು ಯಾರ ತಲೆಯನ್ನೂ ಮುಟ್ಟುತ್ತಿರಲಿಲ್ಲ. ಎದುರಿಗೆ ಬಂದವರನ್ನು ಒಮ್ಮೆ ನೋಡಿ, ರಾಶಿಯಿಂದ ಒಂದು ಹಾಳೆ ಎಳೆದು ಮಡಚಿದರೆ ಅದು ಆ ತಲೆಗೆ ಸರಿಯಾಗಿ ಕೂರುತ್ತಿತ್ತು. ಪ್ರಾಂಶುಪಾಲರು ಬಂದು ನೋಡಿ ಬೆರಗಾದರು. ಎರಡು ದಿನ ಕ್ಯಾಮೆರಾ ಇಡಿಸಿ ಅವರ ಕೈಗಳ ವೀಡಿಯೊ ಮಾಡಿಸಿದರು. ಚೌಕಟ್ಟು ಕೈಗಳಷ್ಟಕ್ಕೇ ಇತ್ತು, ಮುಖ ಬರಲಿಲ್ಲ.

ಒಂದು ದಿನ ವಿಜಯಪುರದ ಹುಡುಗಿ ಕೇಳಿಯೇಬಿಟ್ಟಳು: “ನಮಗ ಮುಟ್ಟಿ ಅಳೀರಿ ಅಂತೀರಿ, ನೀವು ಹೆಂಗ್ರಿ ಮುಟ್ಟಲಾರದ ಮಾಡ್ತೀರಿ?”

ಅವರು ಕೈಯಲ್ಲಿದ್ದ ಹೊಲಿಗೆ ಮುಗಿಸಿ ಎಳೆ ಕತ್ತರಿಸಿದರು.

“ನನ್ನ ಅಪ್ಪ ಧನಿಗಳ ಮನೆಗೆ ಮುಟ್ಟಾಳೆ ಮಾಡಿ ಕೊಡ್ತಿದ್ದರು. ಗದ್ದೆಗೆ ಇಳಿಯುವಾಗ ಧನಿಗಳಿಗೂ ಬೇಕಲ್ಲ. ಆದರೆ ಧನಿಗಳ ತಲೆ ನಾವು ಮುಟ್ಟುವ ಹಾಗೆ ಇರಲಿಲ್ಲ. ಅಂಗಳದ ಹೊರಗೆ ನಿಂತು ನೋಡಬೇಕು. ಅಳತೆ ತಪ್ಪಿದರೆ ಬೈಗುಳ, ಒಮ್ಮೊಮ್ಮೆ ಪೆಟ್ಟು. ಹಾಗೆ ಕಣ್ಣಿಗೆ ಅಭ್ಯಾಸ ಆಯಿತು. ಅಪ್ಪ ನನಗೂ ಹಾಗೆಯೇ ಕಲಿಸಿದರು. ಅದು ಒಳ್ಳೆಯ ಕ್ರಮ ಅಲ್ಲ. ಅದಕ್ಕೇ ನಿಮಗೆ ಮುಟ್ಟಿ ಅಳೆಯಿರಿ ಅಂತ ಹೇಳುವುದು.”

ಮುಂದಿನ ಸಾಲಿನ ಒಬ್ಬ ಹುಡುಗ ಪಕ್ಕದವನ ತಲೆಯ ಮೇಲಿದ್ದ ಕೈ ತೆಗೆಯಲು ಮರೆತು ಹಾಗೇ ಕೂತಿದ್ದ. ಹಿಂದಿನ ಬೆಂಚಿನಲ್ಲಿದ್ದ ನಾನು ಆ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ. ಆ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ.

ಅವಧಿಯ ಕೊನೆಗೆ ಪರೀಕ್ಷೆ. ಅದನ್ನು ಹೇಗೆ ಮಾಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಇಪ್ಪತ್ತು ಮಂದಿಯನ್ನೂ ಅಂಗಳಕ್ಕೆ ಕರೆತಂದು, ಪಕ್ಕದವರು ಮಾಡಿದ ಮುಟ್ಟಾಳೆ ತಲೆಗಿಟ್ಟು ಹತ್ತು ಸಲ ಬಗ್ಗಿ ಏಳಲು ಹೇಳಿದರು, ಗದ್ದೆಯಲ್ಲಿ ಭತ್ತದ ನೇಜಿ ನೆಡುವವರ ಹಾಗೆ. ಆಮೇಲೆ ತಲೆಯ ಮೇಲೆ ಒಂದು ಬುಟ್ಟಿ ಮರಳು ಹೊತ್ತು ಅಂಗಳಕ್ಕೆ ಒಂದು ಸುತ್ತು. ಒಂಬತ್ತು ಮುಟ್ಟಾಳೆಗಳು ನಿಂತವು. ಹನ್ನೊಂದು ಬಿದ್ದವು ಅಥವಾ ಹೊಲಿಗೆ ಬಿಟ್ಟವು. ತುಂಬ ಚೆಂದ ಬಣ್ಣ ಬಳಿದಿದ್ದ ಒಂದು ಮೂರನೇ ಸಲ ಬಗ್ಗುವಾಗಲೇ ಬಿತ್ತು. ವಿಜಯಪುರದ ಹುಡುಗಿ ಮಾಡಿದ್ದೂ ಬಿತ್ತು.

ಅವರು ಒಂದು ಕಾಗದದಲ್ಲಿ ಇಪ್ಪತ್ತು ಹೆಸರು ಬರೆಸಿ, ಪಾಸಾದ ಒಂಬತ್ತಕ್ಕೆ ಗೀಟು ಹಾಕಿ ನನ್ನ ಕೈಗೆ ಕೊಟ್ಟರು. ಬಿದ್ದವರಿಗೆ ಇನ್ನೊಂದು ತಿಂಗಳು ಕಲಿಸಿ ಮತ್ತೆ ನೋಡುವ ಎಂದರು.

ನಾನು ಅದನ್ನು ಪ್ರಾಂಶುಪಾಲರಿಗೆ ಒಪ್ಪಿಸಿದೆ.

“ಹನ್ನೊಂದು ಜನ ಫೇಲಾ? ಆಗಲ್ಲ ಸರ್.”

“ಅವರ ಮುಟ್ಟಾಳೆ ಬಿದ್ದಿದೆ, ಮೇಡಂ.”

“ಬಿದ್ದಿರಬಹುದು. ಸ್ಕೆಚ್ ಇದೆ, ಪ್ರೆಸೆಂಟೇಷನ್ ಇದೆ, ಅವರ ಯೋಚನೆ ಇದೆ. ಬರೀ ಬಿತ್ತು ಅಂತ ನಾಪಾಸು ಮಾಡೋಕಾಗುತ್ತಾ? ಅಲ್ಲದೆ ಅಂಕಪಟ್ಟಿಗೆ ಸಹಿ ಹಾಕೋಕೆ ಡಿಗ್ರಿ ಇರೋರೇ ಬೇಕು. ಪಟ್ಟಿ ನಾನು ರೆಡಿ ಮಾಡ್ತೀನಿ, ನೀವು ಸಹಿ ಹಾಕಿಬಿಡಿ.”

ನನಗೆ ಕನ್ನಡ ಎಂ.ಎ. ಇದೆ. ಆ ಅವಧಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಾನೂ ಒಂದು ಮುಟ್ಟಾಳೆ ಮಾಡಲು ನೋಡಿದ್ದೆ. ಅದು ಮನೆಗೆ ತಲುಪುವ ಮೊದಲೇ ಬಸ್ಸಿನಲ್ಲಿ ಬಾಯಿ ಬಿಟ್ಟಿತ್ತು. ಇಪ್ಪತ್ತು ಮಂದಿಯೂ ಪಾಸಾಗಿದ್ದ ಪಟ್ಟಿಗೆ, ಮೌಲ್ಯಮಾಪಕರು ಎಂದಿದ್ದ ಕಡೆ, ನಾನು ಸಹಿ ಹಾಕಿದೆ.

ವಿಷಯ ಅವರಿಗೆ ಮಕ್ಕಳಿಂದಲೇ ಗೊತ್ತಾಯಿತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ತೆಗೆದರು.

“ಬಿದ್ದ ಮುಟ್ಟಾಳೆಗೆ ಪೇಪರಿನವರು ಎಂಬತ್ತು ಮಾರ್ಕು ಕೊಟ್ಟರಂತೆ.”

ನಾನು ಮಾಣಿಯನ್ನು ಕರೆದು ಬಿಲ್ಲು ಕೇಳಿದೆ.

“ಈ ಮಕ್ಕಳು ನಾಳೆ ಹೊರಗೆ ಹೋಗಿ, ಮುಟ್ಟಾಳೆ ಕಲಿತಿದ್ದೇವೆ ಅಂತ ಹೇಳ್ತಾರೆ. ಯಾರು ಕಲಿಸಿದ್ದು ಅಂತ ಕೇಳಿದರೆ ನನ್ನನ್ನು ಹೇಳ್ತಾರೆ. ಅದು ಬಿದ್ದರೆ ಬೀಳುವುದು ನನ್ನ ಮರ್ಯಾದೆ, ನಿಮ್ಮದಲ್ಲ.” ಅವರು ಗ್ಲಾಸು ಕೆಳಗಿಟ್ಟರು. “ಮುಂದಿನ ಸಲ ಮಾರ್ಕು ನಾನೇ ಹಾಕ್ತೇನೆ. ಅದಕ್ಕೆ ಎಂತ ಬೇಕು, ಹೇಳಿ.”

ಅವರು ಕೇಳಿದ್ದು ಅಷ್ಟನ್ನೇ. ಕಾಲೇಜಿನಲ್ಲಿ ಕಾರ್ಯಾಗಾರ ಬೋಧಕರ ಒಂದು ಹುದ್ದೆ ಖಾಲಿ ಇತ್ತು. ಅದು ಸಿಕ್ಕಿದರೆ ಡಿಗ್ರಿ ಇಲ್ಲದಿದ್ದರೂ ಅಂಕಪಟ್ಟಿಗೆ ಸಹಿ ಹಾಕಬಹುದು. ನಾನು ಅರ್ಜಿ ತಂದು ಅವರೆದುರು ಕೂತು ತುಂಬಿಸಿದೆ. ವಿದ್ಯಾರ್ಹತೆ: ಐದನೇ ತರಗತಿ. ಅನುಭವ: ಐವತ್ತು ವರ್ಷ ಎಂದು ಬರೆದೆ.

“ನಲವತ್ತೆಂಟು. ತಪ್ಪು ಬರೆಯಬೇಡಿ.”

ತಿದ್ದಿದೆ. ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು ಸಹಿ ಮಾಡಿದರು.

ಪ್ರಾಂಶುಪಾಲರು ಅರ್ಜಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಏನಾದ್ರೂ ಮಾಡಲೇಬೇಕು ಸರ್. ಇಂಥವರನ್ನ ಹಾಗೇ ಬಿಡೋಕಾಗಲ್ಲ” ಎಂದರು. ಹದಿನೈದು ದಿನ ಕಳೆದು ನನ್ನನ್ನು ಕರೆದು ಸುದ್ದಿ ಹೇಳಿದರು. ವಾರ್ಷಿಕೋತ್ಸವದಲ್ಲಿ ಅವರಿಗೆ ಸನ್ಮಾನ. ಆಡಳಿತ ಮಂಡಳಿ ಒಪ್ಪಿದೆ. ಪತ್ರ ನೀವೇ ಬರೆಯಬೇಕು.

ನನಗೆ ಸಂತೋಷವಾಯಿತು. ಊರೆದುರು ಸನ್ಮಾನ ಮಾಡಿದ ಮೇಲೆ ಹುದ್ದೆ ಕೊಡದಿರುವುದು ಹೇಗೆ ಎಂದುಕೊಂಡೆ. ನಮ್ಮ ಕಡೆ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು ಅದು. ಇಪ್ಪತ್ತೆಂಟು ವರ್ಷ ನನ್ನ ಪುಟದಲ್ಲಿ ದಿನಕ್ಕೆ ಮೂರು ನಾಲ್ಕು ಸನ್ಮಾನದ ಫೋಟೋ ಹಾಕಿದ್ದೇನೆ. ಬಂಟ್ವಾಳದಲ್ಲಿ ಒಂದು, ಬೆಳ್ತಂಗಡಿಯಲ್ಲಿ ಒಂದು, ಮೂಡುಬಿದಿರೆಯಲ್ಲಿ ಎರಡು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ; ಮಧ್ಯದಲ್ಲಿ ಕುರ್ಚಿಯಲ್ಲಿ ಕೂತ ಒಬ್ಬರು, ಸುತ್ತ ನಿಂತ ಹತ್ತು ಮಂದಿ. ಕೂತವರು ಏನನ್ನು ಕೇಳಿದ್ದರು, ಅದು ಸಿಕ್ಕಿತೇ ಎಂದು ಒಂದು ದಿನವೂ ವಿಚಾರಿಸಿದವನಲ್ಲ. ನಿಂತವರ ಹೆಸರು ಎಡದಿಂದ ಬಲಕ್ಕೆ ಸರಿಯಾಗಿದೆಯೇ ಎಂದು ಮಾತ್ರ ನೋಡುತ್ತಿದ್ದೆ.

ಪತ್ರ ಬರೆದು ಕೊಟ್ಟೆ. ಅದರಲ್ಲಿ ಅವರ ಅಪ್ಪನ ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿದ್ದೆ: ತಲೆ ಮುಟ್ಟಲು ಅಪ್ಪಣೆಯಿಲ್ಲದ ಕಾಲದಲ್ಲಿ ಅಂಗಳದ ಹೊರಗೆ ನಿಂತು ಕಣ್ಣಿನಲ್ಲೇ ಅಳೆಯಲು ಕಲಿತ ತಂದೆಯಿಂದ ಈ ವಿದ್ಯೆ ಬಂತು ಎಂದು.

ಪ್ರಾಂಶುಪಾಲರು ಆ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

“ಇದು ಸನ್ಮಾನ ಸರ್. ಇಲ್ಲಿ ಈ ವಿಷಯ ಯಾಕೆ? ಅವರಿಗೇ ಮುಜುಗರ ಆಗುತ್ತೆ.”

“ಅವರು ತರಗತಿಯಲ್ಲಿ ಹೇಳಿದ್ದು, ಮೇಡಂ. ಎಲ್ಲರ ಎದುರು.”

“ಕ್ಲಾಸು ಬೇರೆ, ಸ್ಟೇಜು ಬೇರೆ. ಮುಖ್ಯ ಅತಿಥಿಗಳು ಅಂಥದ್ದೇ ಹಳೇ ಮನೆತನದವರು. ಕರೆದು ಕೂರಿಸಿ ಅವರಿಗೆ ಇದನ್ನ ಓದಿ ಹೇಳೋದಾ?”

ಕಾರಣವಿಲ್ಲದೆ ಸುದ್ದಿ ಪೂರ್ತಿಯಾಗುವುದಿಲ್ಲ ಎಂದು ಎಷ್ಟು ಮಂದಿ ಹೊಸ ವರದಿಗಾರರಿಗೆ ನಾನೇ ಹೇಳಿಕೊಟ್ಟಿದ್ದೆ. ಆ ದಿನ ಅವರಿಗೆ ಹುದ್ದೆ ಸಿಕ್ಕೀತೆಂಬ ಆಸೆಯಿತ್ತು. ಒಂದು ವಾಕ್ಯಕ್ಕಾಗಿ ಅದನ್ನು ಕೆಡಿಸುವುದು ಬೇಡವೆನಿಸಿತು. ವಾಕ್ಯ ತೆಗೆದು, ಆ ಜಾಗದಲ್ಲಿ ‘ಕಣ್ಣಳತೆಯಿಂದಲೇ ತಲೆಯ ಗಾತ್ರ ತಿಳಿಯಬಲ್ಲ ಅಪೂರ್ವ ಕೌಶಲ’ ಎಂದು ಬರೆದೆ. ಅದೂ ಸುಳ್ಳಲ್ಲ.

ಕಾರ್ಯಕ್ರಮಕ್ಕೆ ನಲವತ್ತು ಮುಟ್ಟಾಳೆ ಬೇಕೆಂದು ಕಾಲೇಜಿನ ಕಚೇರಿಯಿಂದ ಅವರಿಗೇ ಹೇಳಿಕಳಿಸಿದರು. ಯಾರ ತಲೆಗೆ ಎಂದು ಅವರು ಕೇಳಿದರು. ಎಲ್ಲವೂ ಒಂದೇ ಅಳತೆ, ಮೀಡಿಯಂ ಎಂದರಂತೆ. ಹಾಗೆಯೇ ಮಾಡಿ ತಂದರು.

ವೇದಿಕೆಯ ಮೇಲೆ ಎಲ್ಲರ ತಲೆಗೂ ಮುಟ್ಟಾಳೆ ಬಂತು. ಮುಖ್ಯ ಅತಿಥಿಗಳು ದೀಪ ಬೆಳಗಲು ಬಗ್ಗಿದರು. ಮುಟ್ಟಾಳೆ ಜಾರಿ ದೀಪದ ಬುಡಕ್ಕೆ ಬಿತ್ತು. ಸಭೆ ನಕ್ಕಿತು, ಅತಿಥಿಗಳೂ ನಕ್ಕರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅವರು ನಗಲಿಲ್ಲ.

“ತಲೆ ತೋರಿಸದೆ ಮಾಡಿಸಿದ್ದು ಅಂತ ಬರೆದುಕೊಳ್ಳಿ” ಎಂದರು ಮೆಲ್ಲಗೆ.

ಆಮೇಲೆ ಅವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಅತಿಥಿಗಳು ಶಾಲು ಹೊದೆಸಿ, ತಲೆಗೆ ಮುಟ್ಟಾಳೆ ಇಟ್ಟರು. ಅವರದ್ದು ಚಿಕ್ಕ ತಲೆ; ಮುಟ್ಟಾಳೆ ಕಿವಿಯವರೆಗೆ ಇಳಿಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಅವರು ಹಣ್ಣಿನ ಬುಟ್ಟಿ ತೆಗೆದುಕೊಂಡರು. ನಿರೂಪಕಿ ನನ್ನ ಪತ್ರವನ್ನು ರಾಗವಾಗಿ ಓದಿದಳು. ‘ಅಪೂರ್ವ ಕೌಶಲ’ ಬಂದಾಗ ಚಪ್ಪಾಳೆ. ಅವರು ಮೈಕಿನ ಕಡೆ ನೋಡಿದರು, ಅರ್ಧ ಎದ್ದರು. ಸಮಯದ ಅಭಾವದಿಂದ ಸನ್ಮಾನಿತರ ಮಾತು ಇರುವುದಿಲ್ಲ ಎಂದು ನಿರೂಪಕಿ ಹೇಳಿ, ಮುಂದಿನ ಕಾರ್ಯಕ್ರಮವಾದ ನೃತ್ಯಕ್ಕೆ ಕರೆದಳು.

ಸಂಜೆ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಬುಟ್ಟಿ ನಾನು ಹಿಡಿದಿದ್ದೆ, ಚೌಕಟ್ಟು ಹಾಕಿದ ಪತ್ರ ಅವರ ಕೈಯಲ್ಲಿತ್ತು.

“ನಾನೇ ಮಾಡಿದ್ದು, ನನಗೇ ನಾಪಾಸು” ಎಂದು ಮುಟ್ಟಾಳೆ ತೆಗೆದು ಬುಟ್ಟಿಯ ಮೇಲಿಟ್ಟರು. ನಾನು ನಕ್ಕೆ. ಅವರು ಮುಂದುವರಿಸಿದರು: “ಇನ್ನು ಅರ್ಜಿಯ ವಿಷಯ ಕೇಳುವ ಹಾಗಿಲ್ಲ, ಅಲ್ವಾ?”

“ಯಾಕಣ್ಣ? ಇನ್ನು ಸುಲಭ.”

“ಶಾಲು ಹೊದ್ದವನು ಮತ್ತೆ ಹೋಗಿ ಬಾಗಿಲಲ್ಲಿ ನಿಂತರೆ ಜನ ಎಂತ ಹೇಳ್ತಾರೆ? ಇಷ್ಟು ಮಾಡಿದರೂ ಸಾಲಲಿಲ್ಲ ಅಂತ. ಅವರಿಗೆ ಅದು ಗೊತ್ತುಂಟು. ನಿಮಗೆ ಗೊತ್ತಿಲ್ವಾ?”

ವೇಣೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. ಅವರು ಕನ್ನಡಕ ಹಾಕಿಕೊಂಡು ಪತ್ರವನ್ನು ಬೆರಳಿಟ್ಟು ಓದತೊಡಗಿದರು. ಪೂರ್ತಿ ಓದಿದರು. ಮತ್ತೆ ಮೇಲಿನಿಂದ ಹುಡುಕಿದರು.

“ಅಪ್ಪನ ವಿಷಯ ಎಲ್ಲಿ?”

“ಜಾಗ ಇರಲಿಲ್ಲ, ಅಣ್ಣ” ಎಂದೆ. ಡೆಸ್ಕಿನಲ್ಲಿ ಸಾವಿರ ಸಲ ಹೇಳಿದ ಮಾತು, ತಾನಾಗಿ ಬಾಯಿಗೆ ಬಂತು.

ಅವರು ಪತ್ರವನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಮ್ಮ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿದ ಪತ್ರ. ಸುತ್ತ ತೆಳು ಗೆರೆ, ಮಧ್ಯದಲ್ಲಿ ನನ್ನ ಹನ್ನೆರಡು ಸಾಲು, ಉಳಿದದ್ದೆಲ್ಲ ಬಿಳಿ.

“ಇಷ್ಟು ಖಾಲಿ ಉಂಟಲ್ಲ ಮಾರಾಯ್ರೆ” ಎಂದರು.

ಬಸ್ಸು ಬಂತು. ಪತ್ರ ತೆಗೆದುಕೊಂಡರು. ಹಣ್ಣಿನ ಬುಟ್ಟಿಯನ್ನು, ಮೇಲಿದ್ದ ಮುಟ್ಟಾಳೆಯ ಸಮೇತ, ನನ್ನ ಕೈಯಲ್ಲೇ ಬಿಟ್ಟು ಹತ್ತಿದರು.

ಮುಂದಿನ ಜೂನಿನಲ್ಲಿ ಕಾರ್ಯಾಗಾರ ಬೋಧಕರಾಗಿ ಪದವಿ ಇರುವ ಒಬ್ಬ ಯುವಕ ಬಂದ. ಒಳ್ಳೆಯವನೇ. ಮುಟ್ಟಾಳೆಯ ಪಾಠವನ್ನು ವೀಡಿಯೊ ಹಾಕಿ ಮಾಡುತ್ತಾನೆ. ಪರದೆಯ ಮೇಲೆ ಎರಡು ಕೈಗಳು ಹಾಳೆ ಮಡಚುತ್ತವೆ. ಕೆಳಗಿನ ಸಾಲುಗಳು ನಾನು ಬರೆದದ್ದು. ತಲೆ ಮುಟ್ಟಿ ಅಳೆಯುವ ಭಾಗ ವೀಡಿಯೊದಲ್ಲಿಲ್ಲ. ಮಕ್ಕಳು ಸ್ಕೇಲು ಬಳಸುತ್ತಾರೆ. ಕಾಲೇಜಿನ ಕೈಪಿಡಿಯಲ್ಲಿ ಈ ಪಾಠಕ್ಕೆ ಒಂದು ಇಡೀ ಪುಟವಿದೆ, ಸ್ಥಳೀಯ ಸಂಸ್ಕೃತಿಯನ್ನು ಒಳಗೊಂಡ ಶಿಕ್ಷಣ ಎಂದು. ಅವರನ್ನು ಮತ್ತೆ ಕರೆದಿಲ್ಲ. ಕರೆಯದಿದ್ದದ್ದನ್ನು ತಪ್ಪೆಂದು ಯಾರೂ ಹೇಳುವ ಹಾಗಿಲ್ಲ. ಸನ್ಮಾನ ಮಾಡಿ ಕಳಿಸಿದ್ದಾರೆ.

ವಿಜಯಪುರದ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಅಂತಿಮ ಪ್ರಾಜೆಕ್ಟಿಗೆ ಮುಟ್ಟಾಳೆಯನ್ನೇ ತೆಗೆದುಕೊಂಡಳು. ಹೊಸ ಬೋಧಕ ಬಂದು ಮೂರು ವರ್ಷ ತುಂಬಿಲ್ಲವೆಂದು ಅಂತಿಮ ಪ್ರಾಜೆಕ್ಟುಗಳ ಸಹಿ ಇನ್ನೂ ನನ್ನದೇ. ಕಳೆದ ತಿಂಗಳು ಅವಳು ತಾನು ಮಾಡಿದ್ದನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ವೇಣೂರಿಗೆ ಹೋಗಿ, ಅಲ್ಲಿಂದ ಮನೆ ಕೇಳಿಕೊಂಡು ಹೋದಳಂತೆ. ಪರೀಕ್ಷೆ ಮಾಡಿ ಮಾರ್ಕು ಹಾಕಿಕೊಡಿ ಎಂದಳಂತೆ. ಬಂದು ನನ್ನ ಮೇಜಿನ ಮುಂದೆ ನಿಂತಳು.

“ಚಾ ಕೊಟ್ರು ಸರ, ಉಣ್ಣಾಕೂ ಹಾಕಿದ್ರು. ಮುಟ್ಟಾಳಿ ಕೈಯಾಗ ಮುಟ್ಟಲಿಲ್ಲ.”

“ಏನೆಂದರು?”

“‘ನಾನು ಮಾರ್ಕು ಹಾಕುವವನಲ್ಲ ಮಗಳೇ, ಸನ್ಮಾನ ಆದವನು. ಮಾರ್ಕು ಪೇಪರಿನವರು ಹಾಕ್ತಾರೆ’ ಅಂದ್ರು.” ಅವಳು ಚೀಲದಿಂದ ಮುಟ್ಟಾಳೆ ತೆಗೆದು ಮೇಜಿನ ಮೇಲಿಟ್ಟಳು. “ವಾಪಸ್ ಬಂದು ಹಾಸ್ಟೆಲ್ ಅಂಗಳದಾಗ ನಾನ ಬಗ್ಗಿ ನೋಡಿದೆ ಸರ. ಆರನೇ ಸಲಕ್ಕ ಬಿತ್ತು. ಬಿದ್ದೈತಿ ಅಂತನ ಬರೀರಿ.”

ಪ್ರಾಂಶುಪಾಲರು ಕಳಿಸಿದ ಪಟ್ಟಿ ಮೇಜಿನ ಮೇಲಿತ್ತು. ಅವಳ ಹೆಸರಿನ ಮುಂದೆ ಎಪ್ಪತ್ತೆಂಟು ಎಂದು ಆಗಲೇ ಅಚ್ಚಾಗಿತ್ತು. ಬಿದ್ದದ್ದನ್ನು ಬರೆಯಲು ಅದರಲ್ಲಿ ಕಾಲಮಿರಲಿಲ್ಲ. ಪುಟದ ಕೆಳಗೆ ಅರ್ಧದಷ್ಟು ಖಾಲಿ ಇತ್ತು. ಅದನ್ನು ನಾನು ನೋಡಿದೆ.

ಅವಳು ಹೋದ ಮೇಲೆ ಏನೂ ಸೇರಿಸದೆ ಸಹಿ ಹಾಕಿ ಕಚೇರಿಗೆ ಕಳಿಸಿದೆ.